ಡಿಗ್ರಿಗೆ ಹೊಸ ಪೇಪರ್ ತರುವುದು ಹೇಗೆ?

ಸಿಲಬಸ್ ಅಂದರೆ ಮೇಲಿನಿಂದ ಬರುವುದು, ನಾವು ಪಾಠ ಮಾಡುವವರಷ್ಟೇ ಎಂದು ಅನೇಕ ಉಪನ್ಯಾಸಕರು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ಪಠ್ಯಕ್ರಮದ ಕೆಲಸ ಶುರುವಾಗುವುದೇ ಮೇಷ್ಟ್ರುಗಳು ಕೂರುವ ಅಧ್ಯಯನ ಮಂಡಳಿಯಲ್ಲಿ. ಎಲ್ಲರೂ ಬಿಓಎಸ್ ಅನ್ನುವುದು ಇದನ್ನೇ. ಅಲ್ಲಿಂದ ನಿಕಾಯ (ಫ್ಯಾಕಲ್ಟಿ), ನಿಕಾಯದಿಂದ ವಿದ್ಯಾವಿಷಯಕ ಪರಿಷತ್ತು (ಅಕಾಡೆಮಿಕ್ ಕೌನ್ಸಿಲ್). ದಾರಿ ಗೊತ್ತಿದ್ದವರ ಪ್ರಸ್ತಾವ ಮುಂದೆ ಹೋಗುತ್ತದೆ, ಅಷ್ಟೇ.

ಇತಿಹಾಸ ವಿಭಾಗದವರು ‘ಶಾಸನಗಳ ಓದು’ ಎಂಬ ಎಲೆಕ್ಟಿವ್ (ವಿದ್ಯಾರ್ಥಿ ಆಯ್ಕೆ ಮಾಡಿಕೊಳ್ಳುವ ಪೇಪರ್) ತರಬೇಕು ಅಂದುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ.

ಮೊದಲು ಕಾಗದದ ಮೇಲೆ ಬರಲಿ

‘ಈ ಪೇಪರ್ ಬೇಕು’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಎಷ್ಟು ಕ್ರೆಡಿಟ್, ಯಾವ ಸೆಮಿಸ್ಟರ್, ಐ.ಎ. (ಆಂತರಿಕ ಮೌಲ್ಯಮಾಪನ) ಅಂಕ ಎಷ್ಟು, ಯಾವ ಪೇಪರಿನ ಬದಲಿಗೆ ಇದು, ಎಲ್ಲವನ್ನೂ ಬರೆಯಬೇಕು. ವಾರಕ್ಕೆ ಒಂದು ಗಂಟೆ ಥಿಯರಿಗೆ ಒಂದು ಕ್ರೆಡಿಟ್, ಎರಡು ಗಂಟೆ ಪ್ರಾಕ್ಟಿಕಲ್‌ಗೆ ಒಂದು ಕ್ರೆಡಿಟ್ ಎನ್ನುವುದು ಸಾಮಾನ್ಯ ಲೆಕ್ಕ. ಮೂರು ಕ್ರೆಡಿಟ್ಟಿನ ಥಿಯರಿ ಪೇಪರಿಗೆ 15 ವಾರದಲ್ಲಿ 45 ಗಂಟೆ ಸಿಗುತ್ತದೆ. ಘಟಕಗಳನ್ನು ಆ 45 ಗಂಟೆಗೆ ಹಂಚಿ ತೋರಿಸಿ.

ಜಾಸ್ತಿ ಶ್ರಮ ಬೇಕಾಗುವುದು ಕಲಿಕೆಯ ಫಲಿತಾಂಶ ಬರೆಯುವಾಗ. ‘ವಿದ್ಯಾರ್ಥಿಗಳಿಗೆ ಶಾಸನಗಳ ಪರಿಚಯವಾಗುತ್ತದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ವಿದ್ಯಾರ್ಥಿಯು ಒಂದು ವೀರಗಲ್ಲಿನ ಪಾಠ ಓದಿ ಅದರ ಕಾಲ, ಆಳುತ್ತಿದ್ದ ರಾಜ, ಹೋರಾಡಿ ಸತ್ತವನ ಹೆಸರು ಗುರುತಿಸಬಲ್ಲ’ ಎಂದು ಬರೆಯಿರಿ. ಆಗ ಏನು ಕಲಿಸಬೇಕು, ಪರೀಕ್ಷೆಯಲ್ಲಿ ಏನು ಕೇಳಬೇಕು, ಎರಡೂ ತಾವಾಗಿಯೇ ಸ್ಪಷ್ಟವಾಗುತ್ತವೆ. ಹಲ್ಮಿಡಿ ಶಾಸನವನ್ನು ಬರೀ ಇಸವಿಗಾಗಿ ಬಾಯಿಪಾಠ ಮಾಡಿಸುವ ಬದಲು ಅದರ ಸಾಲುಗಳನ್ನು ಓದಿಸುವ ಪೇಪರ್ ಆಗುತ್ತದೆ ಅದು.

ಬಿಓಎಸ್ ಸಭೆ

ನಿಮ್ಮ ವಿಷಯದ ಮಂಡಳಿಯ ಅಧ್ಯಕ್ಷರಿಗೆ ಪ್ರಸ್ತಾವ ಕೊಡಿ. ಕಾರ್ಯಸೂಚಿಯಲ್ಲಿ ಸೇರಬೇಕು, ‘ಇತರೆ ವಿಷಯಗಳು’ ಎಂಬಲ್ಲಿ ಕೊನೇ ಗಳಿಗೆಯಲ್ಲಿ ತುರುಕಿದರೆ ಓದದೆಯೇ ಚರ್ಚೆ ಮುಗಿಯುತ್ತದೆ. ಇಲ್ಲಿ ಹೊರಗಿನ ವಿಶ್ವವಿದ್ಯಾಲಯದ ತಜ್ಞರೂ ಇರುತ್ತಾರೆ. ಅವರ ಮಾತನ್ನು ಗಮನವಿಟ್ಟು ಕೇಳಿ.

ಯಾವ ಸಭೆಯಲ್ಲೂ ತಪ್ಪದೆ ಬರುವ ಪ್ರಶ್ನೆ ವರ್ಕ್‌ಲೋಡ್‌ನದು. ಹಳೆ ಪೇಪರ್ ತೆಗೆದರೆ ಅದನ್ನು ಪಾಠ ಮಾಡುತ್ತಿದ್ದವರ ಗಂಟೆಗಳು ಹೋಗುತ್ತವೆ. ಅತಿಥಿ ಉಪನ್ಯಾಸಕರಿಗೆ ಇದು ಹೊಟ್ಟೆಪಾಡಿನ ವಿಷಯ. ಆದ್ದರಿಂದ ಹಿಂದಿನ ಮತ್ತು ಮುಂದಿನ ವರ್ಕ್‌ಲೋಡ್ ಎರಡನ್ನೂ ಪಟ್ಟಿ ಮಾಡಿ ತನ್ನಿ. ಹಾಗೆಯೇ, ಪರಾಮರ್ಶನ ಪುಸ್ತಕಗಳು ತಾಲ್ಲೂಕು ಕಾಲೇಜಿನ ಲೈಬ್ರರಿಯಲ್ಲಿ ಸಿಗುತ್ತವೆಯೇ ಎಂದು ನೋಡಿ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕೂತು ಮಾಡಿದ ಸಿಲಬಸ್ ಕೊನೆಗೆ ತಲುಪಬೇಕಾದದ್ದು ಅಲ್ಲಿಗೇ ಅಲ್ವಾ?

ಸಭೆಯ ತೀರ್ಮಾನ ನಡಾವಳಿಯಲ್ಲಿ ಬರಬೇಕು. ಯಾವ ಬ್ಯಾಚಿನಿಂದ ಜಾರಿ ಎಂಬುದು ಅದರಲ್ಲಿರಲೇಬೇಕು. 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ವರ್ಷ ಮೊದಲ ವರ್ಷದವರಿಗೆ ಒಂದು ಸಿಲಬಸ್, ಮೇಲಿನ ತರಗತಿಯವರಿಗೆ ಇನ್ನೊಂದು. ಇಂಥ ಹೊತ್ತಲ್ಲಿ ಬ್ಯಾಚಿನ ಹೆಸರಿಲ್ಲದ ನಡಾವಳಿ ಮಕ್ಕಳನ್ನು ಅತಂತ್ರ ಮಾಡುತ್ತದೆ.

ನಿಕಾಯ, ಆಮೇಲೆ ಪರಿಷತ್ತು

ಡೀನ್ ನೇತೃತ್ವದ ನಿಕಾಯದಲ್ಲಿ ಬೇರೆ ವಿಭಾಗದವರೂ ಕೂರುತ್ತಾರೆ. ಕನ್ನಡ ವಿಭಾಗದಲ್ಲೂ ಶಾಸನದ ಪಾಠ ಇದ್ದರೆ ಆ ಮಾತು ಇಲ್ಲಿ ಏಳುತ್ತದೆ. ಮೊದಲೇ ಆ ವಿಭಾಗದವರ ಜೊತೆ ಮಾತಾಡಿಕೊಂಡಿದ್ದರೆ ಒಳ್ಳೆಯದು. ಕುಲಪತಿಗಳ ಅಧ್ಯಕ್ಷತೆಯ ವಿದ್ಯಾವಿಷಯಕ ಪರಿಷತ್ತು ಕೊನೆಯ ಮೆಟ್ಟಿಲು. ಅಲ್ಲಿ ಘಟಕಗಳ ಚರ್ಚೆ ಕಡಿಮೆ; ಒಟ್ಟು ಕ್ರೆಡಿಟ್, ನಿಯಮ ಸರಿಯಿದೆಯೇ ಎಂದು ನೋಡುತ್ತಾರೆ.

ಪರಿಷತ್ತಿನ ಸಭೆ ದೂರವಿದ್ದು ತರಗತಿ ಹತ್ತಿರವಿದ್ದರೆ, ಕುಲಪತಿಗಳ ಒಪ್ಪಿಗೆ ಪಡೆದು ಜಾರಿ ಮಾಡಿ, ಆಮೇಲೆ ಪರಿಷತ್ತಿನಿಂದ ಘಟನೋತ್ತರ ಅನುಮೋದನೆ ತೆಗೆದುಕೊಳ್ಳುವ ರೂಢಿಯಿದೆ. ತುರ್ತಿಗೆ ಅದು ಸರಿ. ಪ್ರತಿಸಲ ಹಾಗೇ ಮಾಡಿದರೆ ಪರಿಷತ್ತಿನಲ್ಲಿ ಚರ್ಚೆಯೇ ಉಳಿಯುವುದಿಲ್ಲ, ಅದು ಸರಿಯಲ್ಲ.

ಸ್ವಾಯತ್ತ ಕಾಲೇಜುಗಳಲ್ಲಿ ಈ ದಾರಿ ಗಿಡ್ಡ. ಅವರಿಗೆ ಅವರದೇ ಬಿಓಎಸ್, ಅವರದೇ ಪರಿಷತ್ತು ಇರುತ್ತದೆ. ಯುಜಿಸಿ ನಿಯಮದಂತೆ ಅಲ್ಲಿನ ಬಿಓಎಸ್‌ನಲ್ಲಿ ಉದ್ಯಮದವರೊಬ್ಬರು, ಹಳೆಯ ವಿದ್ಯಾರ್ಥಿಯೊಬ್ಬರೂ ಇರಬೇಕು.

ಆದೇಶ ಬಂದ ಮೇಲೆ

ಕುಲಸಚಿವರ ಸುತ್ತೋಲೆ ಬಂದ ಕೂಡಲೇ ಮೌಲ್ಯಮಾಪನ ವಿಭಾಗಕ್ಕೆ ಹೋಗಿ ಪೇಪರಿನ ಕೋಡ್ ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಪ್ರವೇಶ, ಪರೀಕ್ಷೆ ನಿರ್ವಹಿಸುವ) ತಂತ್ರಾಂಶದಲ್ಲಿ ಸೇರಿದೆಯೇ ಎಂದು ವಿಚಾರಿಸಿ. ಕೋಡ್ ಇಲ್ಲದಿದ್ದರೆ ಪರೀಕ್ಷಾ ಅರ್ಜಿ ತುಂಬುವಾಗ ತೊಂದರೆಯಾಗುವುದು ವಿದ್ಯಾರ್ಥಿಗಳಿಗೆ. ಮಾದರಿ ಪ್ರಶ್ನೆಪತ್ರಿಕೆಯನ್ನು ಮಂಡಳಿಯಿಂದಲೇ ಮಾಡಿಸಿ ಎಲ್ಲ ಕಾಲೇಜುಗಳಿಗೂ ಕಳಿಸಿ. ಹಳೆಯ ಪೇಪರಿನಲ್ಲಿ ಫೇಲಾದವರಿಗೆ ಇನ್ನೂ ಎಷ್ಟು ಸಲ ಹಳೆ ಸಿಲಬಸ್ಸಿನಲ್ಲೇ ಪರೀಕ್ಷೆ ನಡೆಯುತ್ತದೆ ಎಂಬುದನ್ನು ಕೇಳಿ ತಿಳಿದುಕೊಂಡು, ನಿಮ್ಮ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಅಂಟಿಸಿ.