ತಾರಸಿಯ ನೆರಳು ಗಡಿಯಾರ: ಪೈಪು, ಸೈಕಲ್ ಕಡ್ಡಿ ಮತ್ತು 19 ನಿಮಿಷ 38 ಸೆಕೆಂಡು

ನೆರಳು ಗಡಿಯಾರ ಮಾಡಿ ತಾರಸಿಯಲ್ಲಿಟ್ಟವರು ಮೊದಲ ದಿನವೇ ‘ಇದು ಅರ್ಧ ಗಂಟೆ ಹಿಂದೆ ಇದೆ’ ಎಂದು ಕೈಬಿಡುವುದುಂಟು. ನೆರಳಿನಲ್ಲಿ ತಪ್ಪಿಲ್ಲ. ನಮ್ಮ ಕೈಗಡಿಯಾರದಲ್ಲಿರುವುದು ಬೆಂಗಳೂರಿನ ಹೊತ್ತಲ್ಲ, 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು. 1906ರಲ್ಲಿ ಅದನ್ನು ಇಡೀ ದೇಶಕ್ಕೆ ನಿಗದಿ ಮಾಡಿದರು. ಅದಕ್ಕೆ ಮೊದಲು ರೈಲುಗಳು ಮದರಾಸಿನ ಹೊತ್ತಿಗೆ ಓಡುತ್ತಿದ್ದವು. ಬೆಂಗಳೂರು ಇರುವುದು 77.59 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ವ್ಯತ್ಯಾಸ 19 ನಿಮಿಷ 38 ಸೆಕೆಂಡು. ಮೈಸೂರಿಗೆ ಸುಮಾರು 23½ ನಿಮಿಷ, ಮಂಗಳೂರಿಗೆ 30½, ಕಾರವಾರಕ್ಕೆ 33½. ಈ ಅಂಕಿ ವರ್ಷವಿಡೀ ಬದಲಾಗದು, ಹಾಗಾಗಿ ನಾನು ಅದನ್ನು ಗಡಿಯಾರದ ಅಂಕಿಪಟ್ಟಿಯಲ್ಲೇ ಸೇರಿಸಿಬಿಟ್ಟೆ.

ಮೊದಲು ಆಕಾರದ ಮಾತು. ಚಿತ್ರಗಳಲ್ಲಿ ಕಾಣುವ ಮಟ್ಟಸ ಹಲಗೆಯ ಗಡಿಯಾರ ನಮ್ಮ ಅಕ್ಷಾಂಶಕ್ಕೆ ಒಗ್ಗುವುದಿಲ್ಲ. 13 ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ 12ರಿಂದ 1ರ ಗೆರೆಗೆ ಬರೀ 3.45 ಡಿಗ್ರಿ ಅಂತರ, 5ರಿಂದ 6ರ ಗೆರೆಗೆ 50 ಡಿಗ್ರಿ. ನಡುಹಗಲಿನ ಗೆರೆಗಳೆಲ್ಲ ಒತ್ತಿಕೊಂಡು ಓದಲಿಕ್ಕೇ ಆಗುವುದಿಲ್ಲ. ಅದಕ್ಕೇ ಅರ್ಧ ಪೈಪಿನ ತೊಟ್ಟಿಲನ್ನು ಆರಿಸಿಕೊಂಡೆ. ಕಡ್ಡಿಯನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಹಿಡಿದರೆ ಅದರ ನೆರಳು ತೊಟ್ಟಿಲಿನ ಒಳಮೈ ಮೇಲೆ ಪ್ರತಿ ಗಂಟೆಗೂ ಒಂದೇ ಅಳತೆ ಸರಿಯುತ್ತದೆ. ಜೈಪುರದ ಜಂತರ್ ಮಂತರ್‌ನ ದೈತ್ಯ ನೆರಳು ಗಡಿಯಾರವಾದ ಸಾಮ್ರಾಟ ಯಂತ್ರದಲ್ಲಿರುವುದೂ ಇದೇ ತತ್ವ.

ಆರು ಇಂಚಿನ ಪಿವಿಸಿ ಪೈಪಿನಿಂದ 50 ಮಿಮೀ ಅಗಲದ ಬಳೆ ಕತ್ತರಿಸಿ, ಅದನ್ನು ಸರಿಯಾಗಿ ಅರ್ಧಕ್ಕೆ ಸೀಳಬೇಕು. ನನ್ನ ಪೈಪಿನ ಒಳವ್ಯಾಸ 152 ಮಿಮೀ. ಅಂದರೆ ಗಂಟೆಗೆ 19.9 ಮಿಮೀ, ನಿಮಿಷಕ್ಕೆ ಒಂದು ಮಿಮೀಯ ಮೂರನೆಯ ಒಂದು ಪಾಲು. ಸೀಳಿದ ಪಿವಿಸಿ ಒಳಕ್ಕೆ ಮುದುಡುತ್ತದೆ, ಇದನ್ನು ಮರೆಯಬಾರದು. ಎರಡು ತುದಿಗಳ ನಡುವೆ ಮತ್ತೆ 152 ಮಿಮೀ ಬರುವಂತೆ ಹಿಗ್ಗಿಸಿ, ಎರಡು ಮರದ ಗಟ್ಟಿಗಳಿಗೆ ತಿರುಪು ಹಾಕಿ ಹಲಗೆಯ ಮೇಲೆ ಕೂರಿಸಿದೆ. ನೆರಳಿಗೆ 2 ಮಿಮೀ ದಪ್ಪದ ಸೈಕಲ್ ಕಡ್ಡಿ. ಅದನ್ನು ಹಿಡಿಯುವ ಪಟ್ಟಿಗಳು ಬಳೆಯ ಅಂಚಿನಿಂದ ಎರಡೂ ಕಡೆ 40 ಮಿಮೀ ಆಚೆ ಇರಲಿ. ಹತ್ತಿರ ಇಟ್ಟರೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ಪಟ್ಟಿಯ ನೆರಳೇ ಅಂಕಿಗಳ ಮೇಲೆ ಬೀಳುತ್ತದೆ: ಆಗ ಬಿಸಿಲು 23.4 ಡಿಗ್ರಿ ಓರೆಯಾಗಿರುತ್ತದೆ, ಈ ಅಳತೆಯ ಬಳೆಯಲ್ಲಿ ಅದು 33 ಮಿಮೀ ಸರಿತ. ಕಡ್ಡಿಯಿಂದ ಎಡ ಅಂಚು, ತಳ, ಬಲ ಅಂಚು ಮೂರಕ್ಕೂ 76 ಮಿಮೀ ಬರುವವರೆಗೆ ಬಿಡಬಾರದು. ಪಕ್ಕಕ್ಕೆ ಒಂದೇ ಮಿಮೀ ಸರಿದರೂ ಮಧ್ಯಾಹ್ನ 3 ನಿಮಿಷ ಹೋಯಿತು.

ಅಂಕಿಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡೆ. ಹನ್ನೆರಡು ಗಂಟೆಗೆ 238.8 ಮಿಮೀ, ಎ4 ಹಾಳೆಯ ಉದ್ದದಲ್ಲಿ ಹಿಡಿಯುತ್ತದೆ. ಪ್ರಿಂಟರ್ ತಾನಾಗಿ 97 ಪ್ರತಿಶತಕ್ಕೆ ಕುಗ್ಗಿಸಿದರೆ ತುದಿಯಿಂದ ತುದಿಗೆ ಸುಮಾರು 22 ನಿಮಿಷ ತಪ್ಪುತ್ತದೆ, ಆದ್ದರಿಂದ ಅಂಟಿಸುವ ಮುಂಚೆ ಸ್ಕೇಲಿಟ್ಟು ಅಳೆಯಲೇಬೇಕು. ರೇಖಾಂಶದ ವ್ಯತ್ಯಾಸ ಸೇರುವುದು ಇಲ್ಲಿಯೇ: 12ರ ಗೆರೆಯನ್ನು ತೊಟ್ಟಿಲಿನ ತಳದ ನಡುಗೆರೆಗೆ ಹೊಂದಿಸದೆ 6.5 ಮಿಮೀ ಪಶ್ಚಿಮಕ್ಕೆ ಸರಿಸಿದೆ. ಕಾರವಾರದಲ್ಲಿ ಮಾಡುವವರಿಗೆ ಇದು 11 ಮಿಮೀ ಆಗುತ್ತದೆ.

ಕೂರಿಸುವಾಗ 300 ಮಿಮೀ ಹಲಗೆಯ ಉತ್ತರದ ತುದಿಯನ್ನು 67.5 ಮಿಮೀ ಎತ್ತಿದರೆ 13 ಡಿಗ್ರಿ ಸಿಗುತ್ತದೆ. ಅಡಿಯ ನೆಲವನ್ನು ಮೊದಲು ರಸಮಟ್ಟ ಇಟ್ಟು ನೋಡಿ. ಮಳೆನೀರು ಹರಿಯಲೆಂದು ತಾರಸಿಗೆ ವಾಟ ಕೊಟ್ಟಿರುತ್ತಾರೆ. ದಿಕ್ಕಿಗೆ ದಿಕ್ಸೂಚಿ ಬೇಡ, ತಾರಸಿಯೊಳಗಿನ ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ತೂಗುಗುಂಡಿನ ದಾರದ ನೆರಳು ಸಾಕು. ಡಿಸೆಂಬರ್ 25ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಯ ರೇಖೆ ದಾಟುವುದು 12 ಗಂಟೆ 20 ನಿಮಿಷಕ್ಕೆ. ಆ ಹೊತ್ತಿಗೆ ದಾರದ ನೆರಳಿನ ಮೇಲೆ ಗೆರೆ ಎಳೆದರೆ ಅದೇ ಉತ್ತರ-ದಕ್ಷಿಣ. ಒಂದು ನಿಮಿಷ ತಡವಾದರೆ ಗೆರೆ 0.4 ಡಿಗ್ರಿ ತಿರುಗುತ್ತದೆ. ಈ ಕೆಲಸವನ್ನು ಬೇಸಿಗೆಯಲ್ಲಿ ಮಾಡಲೇಬೇಡಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆರಳೇ ಇರುವುದಿಲ್ಲ. ಆ ಎರಡರ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದನ್ನು ಉತ್ತರವೆಂದು ತಿಳಿದು ಗಡಿಯಾರವನ್ನು ತಿರುಗುಮುರುಗಾಗಿ ಇಡುವ ಅಪಾಯವಿದೆ.

ದಿಕ್ಕು ಒಂದು ಡಿಗ್ರಿ ತಪ್ಪಿದ್ದರೆ ಡಿಸೆಂಬರ್ ಮಧ್ಯಾಹ್ನ ಎರಡೂವರೆ ನಿಮಿಷ ಒಂದು ಕಡೆಗೆ, ಜೂನ್‌ನಲ್ಲಿ ಮುಕ್ಕಾಲು ನಿಮಿಷ ಇನ್ನೊಂದು ಕಡೆಗೆ ವಾಲುತ್ತದೆ. ದೋಷ ಹೀಗೆ ಋತುವಿನೊಂದಿಗೆ ಬದಿ ಬದಲಿಸಿದರೆ ಅಂಕಿಪಟ್ಟಿ ಮುಟ್ಟಬೇಡಿ, ಹಲಗೆಯನ್ನೇ ತಿರುಗಿಸಿ.

ಇಷ್ಟಾದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಭೂಮಿಯ ದಾರಿ ದೀರ್ಘವೃತ್ತ, ಅದರ ಅಕ್ಷ ಓರೆ. ಇವೆರಡರಿಂದ ಸೂರ್ಯನ ದಿನ ಸರಿಯಾಗಿ 24 ಗಂಟೆ ಇರುವುದಿಲ್ಲ, ಸೆಕೆಂಡುಗಳು ಸೇರುತ್ತ ಹೋಗುತ್ತವೆ. ಫೆಬ್ರವರಿ 11ರಂದು ನೆರಳಿನ ಹೊತ್ತಿಗೆ 14 ನಿಮಿಷ ಕೂಡಿಸಬೇಕು, ಮೇ 14ಕ್ಕೆ ಮೂರೂಮುಕ್ಕಾಲು ಕಳೆಯಬೇಕು, ಜುಲೈ 26ಕ್ಕೆ ಆರೂವರೆ ಕೂಡಿಸಬೇಕು, ನವೆಂಬರ್ 3ಕ್ಕೆ 16½ ಕಳೆಯಬೇಕು. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರಂದು ಸೊನ್ನೆ. ಇದನ್ನು ಹಲಗೆಯ ಪಕ್ಕದಲ್ಲಿ ಬರೆದಿಟ್ಟಿದ್ದೇನೆ. ಸಂಕ್ರಾಂತಿ ಕಳೆದು ಹಗಲು ಬೆಳೆಯುತ್ತಿದ್ದರೂ ಜನವರಿ ಕೊನೆಯವರೆಗೆ ಬೆಳಗ್ಗೆ ಬೇಗ ಬೆಳಕಾಗದಿರುವುದಕ್ಕೂ ಇದೇ ಕಾರಣ.

ನೆರಳಿನ ಅಂಚು ಮಸುಕಾಗಿರುವುದು ಕಡ್ಡಿಯ ದೋಷವಲ್ಲ. ಸೂರ್ಯಬಿಂಬವೇ ಅರ್ಧ ಡಿಗ್ರಿ ಅಗಲ, ಅಂದರೆ ಎರಡು ನಿಮಿಷದಷ್ಟು. ಅಂಚು ಬಿಟ್ಟು ಕಪ್ಪು ಭಾಗದ ನಡುವನ್ನು ಓದಿದರೆ ಒಂದು ನಿಮಿಷದೊಳಗೆ ಹಿಡಿಯಬಹುದು.

ಗಳಿಗೆಯ ಲೆಕ್ಕಕ್ಕೆ ಇನ್ನೊಂದು ಪಟ್ಟಿ ಮಾಡಿದ್ದೇನೆ. ಒಂದು ಗಳಿಗೆಗೆ 24 ನಿಮಿಷ, ಈ ಬಳೆಯಲ್ಲಿ 7.96 ಮಿಮೀ, ಬಹುತೇಕ ಎಂಟು. ಗಳಿಗೆ ಎಣಿಸುವುದು ಸೂರ್ಯೋದಯದಿಂದ, ಆದ್ದರಿಂದ ಇದನ್ನು ಅಂಟಿಸಿಲ್ಲ, ಕ್ಲಿಪ್ಪಿನಲ್ಲಿ ಹಿಡಿಸಿದ್ದೇನೆ. ಪಂಚಾಂಗದ ಸೂರ್ಯೋದಯಕ್ಕೆ ಆ ದಿನದ ತಿದ್ದುಪಡಿಯನ್ನು ತಿರುವಿ ಹಾಕಿ, ಅಂದರೆ ಕೂಡಿಸುವ ಕಡೆ ಕಳೆದು, ಪಟ್ಟಿಯ ಸೊನ್ನೆಯನ್ನು ಆ ಗೆರೆಗೆ ಸರಿಸುತ್ತೇನೆ. ವಾರಕ್ಕೊಮ್ಮೆ ಸರಿಸಿದರೆ ಸಾಕು.