ಬೇಸಿಗೆ ಸಂಶೋಧನಾ ಫೆಲೋಷಿಪ್: ತಯಾರಿ ಅಕ್ಟೋಬರ್‌ನಲ್ಲೇ ಶುರುವಾಗಲಿ

ಬಿಎಸ್‌ಸಿ, ಎಂಎಸ್‌ಸಿ, ಬಿಇ ಓದುವ ಬಹಳಷ್ಟು ಮಂದಿ ಬೇಸಿಗೆ ಇಂಟರ್ನ್‌ಶಿಪ್‌ಗೆ ಹುಡುಕಾಟ ಶುರು ಮಾಡುವುದು ಮಾರ್ಚ್ ಕಳೆದ ಮೇಲೆ. ಅಷ್ಟರಲ್ಲಿ ಒಳ್ಳೊಳ್ಳೆಯ ಅವಕಾಶಗಳ ಗಡುವು ಮುಗಿದಿರುತ್ತದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಅಕಾಡೆಮಿಗಳ ಜೊತೆ ಸೇರಿ ಎರಡು ತಿಂಗಳ ಬೇಸಿಗೆ ಫೆಲೋಷಿಪ್ ನಡೆಸುತ್ತದೆ. ಆಯ್ಕೆಯಾದವರು ದೇಶದ ಯಾವುದಾದರೊಂದು ಪ್ರಯೋಗಾಲಯದಲ್ಲಿ ವಿಜ್ಞಾನಿಯ ಕೈಕೆಳಗೆ ಕೆಲಸ ಕಲಿಯುತ್ತಾರೆ. ಸ್ಟೈಪೆಂಡ್ ಜೊತೆಗೆ ರೈಲು ಪ್ರಯಾಣದ ವೆಚ್ಚವೂ ಸಿಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲೇ ಅರ್ಜಿ ಹಾಕಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಫೆಲೋಷಿಪ್ ಇದೆ.

ಮೊದಲು ವಿಷಯ, ಆಮೇಲೆ ಸಂಸ್ಥೆ. ಹೆಸರಾಂತ ಸಂಸ್ಥೆ ಎಂಬ ಒಂದೇ ಕಾರಣಕ್ಕೆ ಮಾರ್ಗದರ್ಶಕರನ್ನು ಆರಿಸಬೇಡಿ. ಅವರ ಇತ್ತೀಚಿನ ಎರಡು ಸಂಶೋಧನಾ ಲೇಖನಗಳ ಸಾರಾಂಶ ಮತ್ತು ಪೀಠಿಕೆ ಓದಿ. ಪೂರ್ತಿ ಅರ್ಥವಾಗಬೇಕಿಲ್ಲ. ಅಲ್ಲಿ ಕೇಳಿರುವ ಪ್ರಶ್ನೆ ಏನೆಂದು ಎರಡು ವಾಕ್ಯದಲ್ಲಿ ಹೇಳಲು ಬಂದರೆ ಸಾಕು.

ಅರ್ಜಿಯ ಜೀವ ಇರುವುದು ‘ಏಕೆ ಸೇರಬೇಕು’ ಎಂಬ ಬರಹದಲ್ಲಿ. ಅಂಕಗಳು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವಾಗ ಆರಿಸುವವರು ಓದುವುದು ಇದನ್ನೇ. ‘ನ್ಯಾನೊ ವಸ್ತುಗಳಲ್ಲಿ ನನಗೆ ಅಪಾರ ಆಸಕ್ತಿ’ ಎಂದು ಬರೆದರೆ ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಲ್ಯಾಬ್‌ನಲ್ಲಿ ಸೋಲ್–ಜೆಲ್ ವಿಧಾನದಿಂದ ಜಿಂಕ್ ಆಕ್ಸೈಡ್ ತಯಾರಿಸಿದೆವು. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ವಿವರ್ತನೆ) ಪರೀಕ್ಷೆಯಲ್ಲಿ ಶಿಖರಗಳು ಅಗಲವಾಗಿ ಬಂದವು. ಷೆರರ್ ಸೂತ್ರದಿಂದ ಹರಳಿನ ಗಾತ್ರ ಲೆಕ್ಕ ಹಾಕಿದೆ. ಕಾಯಿಸುವ ತಾಪಮಾನ ಬದಲಿಸಿದರೆ ಗಾತ್ರ ಹೇಗೆ ಬದಲಾಗುತ್ತದೆ ಎಂದು ನೋಡಬೇಕು.’ ಮಾಡಿದ್ದೇನು, ಕಂಡದ್ದೇನು, ಉಳಿದ ಪ್ರಶ್ನೆ ಯಾವುದು ಎಂಬ ಮೂರೂ ಇದರಲ್ಲಿವೆ. ಸುಮಾರು 250 ಪದಗಳಲ್ಲಿ ಮುಗಿಸಿ, ವಿಭಾಗದ ಒಬ್ಬ ಮೇಷ್ಟ್ರಿಗೋ ಮೇಡಂಗೋ ತೋರಿಸಿ ತಿದ್ದಿ. ಇಂಟರ್ನೆಟ್‌ನಿಂದ ಎತ್ತಿದ ಸಾಲುಗಳು ಮೊದಲ ಓದಿಗೇ ಸಿಕ್ಕಿಬೀಳುತ್ತವೆ.

ಶಿಫಾರಸು ಪತ್ರ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಬರೆದರೆ ತೂಕ ಹೆಚ್ಚು ಎಂಬ ನಂಬಿಕೆ ಬಿಡಿ. ನಿಮ್ಮ ಹೆಸರನ್ನೇ ಸರಿಯಾಗಿ ಅರಿಯದ ಎಚ್‌ಒಡಿಗಿಂತ, ಲ್ಯಾಬ್‌ನಲ್ಲಿ ನಿಮ್ಮ ಕೆಲಸ ನೋಡಿದ ಅತಿಥಿ ಉಪನ್ಯಾಸಕರ ಪತ್ರವೇ ಮೇಲು. ಗಡುವಿಗೆ ಮೂರು ವಾರ ಮೊದಲೇ ಕೇಳಿ. ಜೊತೆಗೆ ಮಾರ್ಕ್ಸ್‌ಕಾರ್ಡ್, ನಿಮ್ಮ ಬರಹ, ಪ್ರಾಜೆಕ್ಟ್‌ನ ನಾಲ್ಕು ಸಾಲಿನ ವಿವರ ಕೊಡಿ. ಪತ್ರ ಆನ್‌ಲೈನ್‌ನಲ್ಲಿ ಸಲ್ಲಿಸುವಂತಿದ್ದರೆ, ಲಿಂಕ್ ಬಂದ ಮೇಲ್ ಎಷ್ಟೋ ಸಲ ಪತ್ರ ಬರೆಯುವವರ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತದೆ. ಹೋಗಿ ಕೇಳಿ ಖಚಿತಪಡಿಸಿಕೊಳ್ಳಿ. ಪತ್ರ ತಲುಪದೆ ಅರ್ಜಿ ಅಪೂರ್ಣವಾಗುವುದು ತೀರಾ ಸಾಮಾನ್ಯ.

ಪ್ರೊಫೆಸರ್‌ಗೆ ನೇರವಾಗಿ ಮೇಲ್ ಬರೆಯುವ ದಾರಿಯೂ ಇದೆ. ಒಂದು ಮೇಲ್ ಒಬ್ಬರಿಗೆ ಮಾತ್ರ. ನೀವು ಯಾವ ತಿಂಗಳು ಬರುತ್ತೀರಿ, ಎಷ್ಟು ವಾರ ಇರುತ್ತೀರಿ, ಕಲಿತಿರುವ ಕೌಶಲ, ಒಂದು ಪುಟದ ಬಯೋಡೇಟಾ ಇಷ್ಟಿರಲಿ. ಹತ್ತು ದಿನ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಅಷ್ಟೇ.

ಹಣ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುವವರು ಒಂದು ವಿಚಾರ ಮರೆಯಬಾರದು: ವರ್ಷದ 80,000 ರೂಪಾಯಿಯಲ್ಲಿ 20,000 ಬೇಸಿಗೆ ಪ್ರಾಜೆಕ್ಟ್‌ಗೆ ಮೀಸಲು. ವರದಿ ಮತ್ತು ಮಾರ್ಗದರ್ಶಕರ ಪ್ರಮಾಣಪತ್ರ ಸಲ್ಲಿಸದಿದ್ದರೆ ಆ ಭಾಗ ಕೈತಪ್ಪುತ್ತದೆ. ಈ ವಿದ್ಯಾರ್ಥಿವೇತನ ಮೂಲ ವಿಜ್ಞಾನ ಓದುವವರಿಗೆ, ಬಿಇಗೆ ಅನ್ವಯಿಸದು. ಎಂಜಿನಿಯರಿಂಗ್‌ನವರ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ನೆರವಿದೆ. ಪ್ರಸ್ತಾವ ಕಾಲೇಜಿನ ಮೂಲಕವೇ ಹೋಗಬೇಕು.

ಆಯ್ಕೆಯಾದ ಮೇಲೆ ಕೈಕೊಡುವುದು ಪರೀಕ್ಷಾ ವೇಳಾಪಟ್ಟಿ. ನಮ್ಮಲ್ಲಿ ಸೆಮಿಸ್ಟರ್ ಪರೀಕ್ಷೆಗಳು ಜೂನ್, ಜುಲೈಗೆ ಜಾರುವುದುಂಟು. ಮಾರ್ಗದರ್ಶಕರಿಗೆ ಮೊದಲೇ ತಿಳಿಸಿದರೆ ದಿನಾಂಕ ಹಿಂದೆಮುಂದೆ ಮಾಡಿಕೊಡುತ್ತಾರೆ. ಮಧ್ಯದಲ್ಲಿ ಎದ್ದು ಬಂದರೆ ಪ್ರಮಾಣಪತ್ರವೇ ಸಿಗದಿರಬಹುದು. ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಬೋನಫೈಡ್ ಪತ್ರವನ್ನು ರಜೆಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಹಾಸ್ಟೆಲ್ ಕೋಣೆಯ ಬಗ್ಗೆ ಆಯ್ಕೆ ಪತ್ರ ಬಂದ ದಿನವೇ ಕೇಳಿ. ವರದಿಗೆ ಮಾರ್ಗದರ್ಶಕರ ಸಹಿಯನ್ನು ಊರಿಗೆ ಹೊರಡುವ ಮುಂಚಿನ ವಾರವೇ ಹಾಕಿಸಿಕೊಳ್ಳಿ.