ಹಡಗಿನಲ್ಲಿ ಮರೆತುಬಂದ ವಸ್ತುವನ್ನು ಮನೆಗೆ ತರಿಸಿಕೊಳ್ಳುವುದು ಹೇಗೆ?

ಕ್ರೂಸ್ ಮುಗಿಸಿ ಬೆಂಗಳೂರಿಗೆ ಬಂದು, ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಒಗೆಯಲು ಹಾಕುವ ಹೊತ್ತಿಗೆ ನೆನಪಾಗುತ್ತದೆ: ಸ್ನಾನದ ಕೋಣೆಯ ಬಾಗಿಲ ಹಿಂದೆ ತೂಗುಹಾಕಿದ್ದ ಶಾಲು ಬರಲೇ ಇಲ್ಲ. ಜಯನಗರದಲ್ಲಿರುವ ನಮ್ಮ ಪುಟ್ಟ ಪ್ರವಾಸ ಕಚೇರಿಗೆ ಇಂಥ ಕರೆ ತಿಂಗಳಿಗೆ ಒಂದಾದರೂ ಬರುತ್ತದೆ. ಕೆಲವರು ಆಗಲೇ ಕೈಚೆಲ್ಲಿ ಕುಳಿತಿರುತ್ತಾರೆ. ಇನ್ನು ಕೆಲವರು ಸಂಬಂಧವಿಲ್ಲದ ಕಡೆಗೆಲ್ಲ ಹತ್ತು ಸಲ ಫೋನ್ ಮಾಡಿ ದಣಿದಿರುತ್ತಾರೆ. ಎರಡನ್ನೂ ಕಂಡರೆ ನನಗೆ ಸಂಕಟವಾಗುತ್ತದೆ. ಅಷ್ಟು ಹೊತ್ತಿಗೆ ಆ ಶಾಲು ಬಹುಮಟ್ಟಿಗೆ ಹಡಗಿನದೇ ಒಂದು ಕಪಾಟಿನಲ್ಲಿ, ಕ್ಯಾಬಿನ್ ಸಂಖ್ಯೆ ಬರೆದ ಚೀಲದೊಳಗೆ, ಕೇಳುವವರಿಗಾಗಿ ಕಾದಿರುತ್ತದೆ.

ನೀವು ಇಳಿದ ಮೇಲೆ ಹಡಗಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕೊನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹಳೆಯ ಪ್ರಯಾಣಿಕರೆಲ್ಲ ಇಳಿದಿರುತ್ತಾರೆ. ಮಧ್ಯಾಹ್ನಕ್ಕೆ ಹೊಸಬರು ಹತ್ತತೊಡಗುತ್ತಾರೆ. ಸಿಂಗಪುರದಿಂದ ಹೊರಡುವ ದೊಡ್ಡ ಹಡಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿರುವುದುಂಟು. ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ ಅಷ್ಟೂ ಕ್ಯಾಬಿನ್‌ಗಳು ಸಿದ್ಧವಾಗಬೇಕು. ನನ್ನ ತಮ್ಮ ಆರು ವರ್ಷ ಈ ಕೆಲಸದಲ್ಲಿದ್ದ. ಹಾಸಿಗೆಯ ಹೊದಿಕೆ ತೆಗೆಯುವುದಕ್ಕೂ ಮೊದಲು ಸೇಫ್ ನೋಡಬೇಕು, ಆಮೇಲೆ ಡ್ರಾಯರ್‌ಗಳು, ಮಂಚದ ಕೆಳಗೆ, ಬಾಗಿಲ ಹಿಂದಿನ ಕೊಕ್ಕೆ. ಅವನಿಗೆ ಕಲಿಸಿದ ಕ್ರಮ ಇದು. ಸೇಫ್ ಮುಚ್ಚಿದ್ದರೆ ಭದ್ರತಾ ಸಿಬ್ಬಂದಿ ಬಂದು ತೆರೆಯುತ್ತಾರೆ. ಸಿಕ್ಕಿದ್ದನ್ನು ಚೀಲಕ್ಕೆ ಹಾಕಿ, ಕ್ಯಾಬಿನ್ ಸಂಖ್ಯೆ, ದಿನಾಂಕ ಬರೆದು, ವಸ್ತು ಏನೆಂದು ಒಂದೇ ಒಂದು ಸಾಲು ನಮೂದಿಸುತ್ತಾರೆ. ಆ ಒಂದು ಸಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಲ್ಲುಜ್ಜುವ ಬ್ರಷ್, ಬಳಸಿದ ಶಾಂಪೂ, ಬಿಚ್ಚಿದ ಚಕ್ಕುಲಿ ಪೊಟ್ಟಣ ನೇರ ಕಸಕ್ಕೆ ಹೋಗುತ್ತವೆ. ಉಳಿದದ್ದನ್ನು ಆಯಾ ಕಂಪನಿಯ ನಿಯಮದಂತೆ ಕೆಲವು ವಾರ, ಕೆಲವೆಡೆ ಮೂರು ತಿಂಗಳವರೆಗೆ ಇಟ್ಟುಕೊಳ್ಳುತ್ತಾರೆ. ಯಾರೂ ಕೇಳದಿದ್ದರೆ ದಾನಕ್ಕೆ ಕೊಡುತ್ತಾರೆ ಅಥವಾ ವಿಲೇವಾರಿ ಮಾಡುತ್ತಾರೆ.

ಮೊದಲ ಹೆಜ್ಜೆ: ಯಾರ ಕೈಯಲ್ಲಿದೆ?

ಬಂದರಿನ ಟರ್ಮಿನಲ್‌ನಲ್ಲಿರುವಾಗಲೇ ನೆನಪಾದರೆ ಅಲ್ಲೇ ನಿಂತುಬಿಡಿ. ನಿಮ್ಮನ್ನು ಮತ್ತೆ ಹಡಗಿಗೆ ಹತ್ತಿಸುವುದಿಲ್ಲ, ಆದರೆ ಅಲ್ಲಿರುವ ಹಡಗಿನ ಸಿಬ್ಬಂದಿಗೆ ಕ್ಯಾಬಿನ್ ಸಂಖ್ಯೆ ಹೇಳಿದರೆ ಅವರು ಒಳಗೆ ಕರೆ ಮಾಡುತ್ತಾರೆ. ವಿಮಾನಕ್ಕೆ ಸಮಯವಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಬೇರೊಂದಿಲ್ಲ.

ಮನೆಗೆ ಬಂದ ಮೇಲೆ ನೆನಪಾದರೆ, ಕೊನೆಯ ಸಲ ಅದನ್ನು ಎಲ್ಲಿ ಕಂಡಿರಿ ಎಂದು ಗಟ್ಟಿಯಾಗಿ ಯೋಚಿಸಿ. ಕ್ಯಾಬಿನ್, ಊಟದ ಹಾಲ್, ರಂಗಮಂದಿರ, ಈಜುಕೊಳದ ಡೆಕ್ ಆದರೆ ಹಡಗಿನವರನ್ನು ಕೇಳಬೇಕು. ದಡಕ್ಕಿಳಿದು ಊರು ಸುತ್ತಿಸಿದ ಬಸ್ಸು ಸಾಮಾನ್ಯವಾಗಿ ಸ್ಥಳೀಯ ಗುತ್ತಿಗೆದಾರರದು. ಅದರ ಸೀಟಿನಲ್ಲಿ ಬಿಟ್ಟ ಟೋಪಿ ಹಡಗಿನ ಕಪಾಟಿಗೆ ಬರುವುದೇ ಇಲ್ಲ. ತಪಾಸಣೆಯ ಟ್ರೇಯಲ್ಲಿ ಉಳಿದ ಬೆಲ್ಟು ಬಂದರಿನವರದು. ವಿಮಾನದಲ್ಲಿ ಬಿಟ್ಟದ್ದು ವಿಮಾನ ಸಂಸ್ಥೆಯದು. ಮೆಜೆಸ್ಟಿಕ್‌ನಲ್ಲಿ ಬಸ್ಸಿನೊಳಗೆ ಕೊಡೆ ಬಿಟ್ಟರೆ ಸಂಜೆ ಡಿಪೋಗೆ ಹೋಗಿ ವಿಚಾರಿಸಬಹುದು. ಇಲ್ಲಿ ನಿಮ್ಮ ಡಿಪೋ ಸಮುದ್ರದ ಮೇಲೆ ತೇಲುತ್ತಿದೆ, ಹಾಗಾಗಿ ಸರಿಯಾದ ಬಾಗಿಲನ್ನು ಮೊದಲೇ ಆರಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಅದೇ ದಿನ ಫಾರ್ಮ್ ತುಂಬಿ

ದೊಡ್ಡ ಕ್ರೂಸ್ ಕಂಪನಿಗಳ ವೆಬ್‌ಸೈಟಿನಲ್ಲಿ ಕಳೆದುಹೋದ ವಸ್ತುಗಳಿಗೆಂದೇ ಒಂದು ಫಾರ್ಮ್ ಇರುತ್ತದೆ. ಬುಕಿಂಗ್ ಸಂಖ್ಯೆ, ಹಡಗಿನ ಹೆಸರು, ಇಳಿದ ದಿನ, ಕ್ಯಾಬಿನ್ ಸಂಖ್ಯೆ ಹಾಕಿ ಕಳುಹಿಸಿ. ಬಂದ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಹಾಯವಾಣಿಗೆ ಫೋನ್ ಮಾಡಿದರೂ ಕೊನೆಗೆ ಈ ಫಾರ್ಮನ್ನೇ ತುಂಬಲು ಹೇಳುತ್ತಾರೆ. ಸಾಮಾಜಿಕ ಜಾಲತಾಣದಲ್ಲಿ ವಸ್ತುವಿನ ಫೋಟೋ ಹಾಕಿ ಕಂಪನಿಯನ್ನು ಎಳೆದಾಡುವುದು ಬೇಡ. ಅದು ನಿಮ್ಮದೆಂದು ಸಾಬೀತು ಮಾಡುವ ಗುರುತುಗಳನ್ನು ಊರಿಗೆಲ್ಲ ಹಂಚಿದಂತಾಗುತ್ತದೆ.

ಮೂರನೆಯ ಹೆಜ್ಜೆ: ವಿವರಣೆ

ಜನ ಎಡವುವುದು ಇಲ್ಲಿಯೇ. ಫಾರ್ಮಿನ ಈ ಖಾನೆಯಲ್ಲಿ "ಕಪ್ಪು ಚೀಲ" ಎಂದು ಬರೆದು ಕಳುಹಿಸಿಬಿಡುತ್ತಾರೆ. ಹಡಗಿನ ಕಪಾಟಿನಲ್ಲಿ ಎಷ್ಟು ಕಪ್ಪು ಚೀಲಗಳಿರಬಹುದು, ಯೋಚಿಸಿ ನೋಡಿ. ದಡದ ಕಚೇರಿಯಲ್ಲಿ ಕುಳಿತವರು ನಿಮ್ಮ ವಸ್ತುವನ್ನು ನೋಡಿರುವುದಿಲ್ಲ. ಅವರ ಮುಂದೆ ಎರಡು ಬರಹಗಳಿರುತ್ತವೆ: ಒಂದು ನೀವು ಬರೆದದ್ದು, ಇನ್ನೊಂದು ಕ್ಯಾಬಿನ್ ಶುಚಿ ಮಾಡಿದವರು ಅವಸರದಲ್ಲಿ ಬರೆದ ಆ ಒಂದು ಸಾಲು. ಎರಡೂ ಕೂಡಿದರೆ ವಸ್ತು ಸಿಗುತ್ತದೆ, ಕೂಡದಿದ್ದರೆ "ಸಿಕ್ಕಿಲ್ಲ" ಎಂಬ ಉತ್ತರ ಬರುತ್ತದೆ.

ಆದ್ದರಿಂದ ಬರೆಯುವಾಗ ನಿಮ್ಮ ಕಣ್ಣನ್ನು ಬದಿಗಿಟ್ಟು, ಆ ವಸ್ತುವನ್ನು ಮೊದಲ ಬಾರಿ ಕಾಣುವವರ ಕಣ್ಣಿನಿಂದ ನೋಡಿ. ಕ್ಯಾಬಿನ್ ನೋಡಿಕೊಳ್ಳುವವರಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡೆಯವರು ಬಹಳ. ಅವರಿಗೆ ಸೀರೆ ಎಂದರೇನೆಂದು ಗೊತ್ತಿರಲೇಬೇಕೆಂದಿಲ್ಲ. ಮಡಿಸಿಟ್ಟ ಮೈಸೂರು ರೇಷ್ಮೆ ಸೀರೆ ಅವರ ಪಟ್ಟಿಯಲ್ಲಿ ಮೇಜಿನ ಹೊದಿಕೆಯಾಗಬಹುದು, ಪರದೆಯಾಗಬಹುದು, ಉದ್ದನೆಯ ಶಾಲಾಗಬಹುದು. ಹಾಗಾಗಿ ಸೀರೆ ಎಂದು ಬರೆದು ನಿಲ್ಲಿಸದೆ, "ಹೊಲಿಗೆಯಿಲ್ಲದ ಉದ್ದ ರೇಷ್ಮೆ ಬಟ್ಟೆ, ಸುಮಾರು ಐದೂವರೆ ಮೀಟರ್, ಗಾಢ ಹಸಿರು, ಎರಡೂ ಅಂಚಿಗೆ ಚಿನ್ನದ ಬಣ್ಣದ ಪಟ್ಟಿ, ಒಂದು ತುದಿಯಲ್ಲಿ ಸಣ್ಣ ಕುಚ್ಚುಗಳು, ಬಿಳಿ ಹತ್ತಿ ಚೀಲದಲ್ಲಿ ಮಡಿಸಿಟ್ಟಿದ್ದು" ಎಂದು ಬರೆಯಿರಿ. ಪಂಚೆಗೂ ಶಲ್ಯಕ್ಕೂ ಇದೇ ರೀತಿ.

ನಮ್ಮ ಗ್ರಾಹಕರೊಬ್ಬರು, ನಿವೃತ್ತ ಮೇಷ್ಟ್ರು, ಮನೆಯ ಸ್ಟೀಲ್ ಕಾಫಿ ಫಿಲ್ಟರನ್ನು ಹಡಗಿನಲ್ಲಿ ಬಿಟ್ಟುಬಂದಿದ್ದರು. ಅದು ಅವರ ತಾಯಿ ಬಳಸುತ್ತಿದ್ದದ್ದು. ಫಾರ್ಮಿನಲ್ಲಿ ಕಾಫಿ ಫಿಲ್ಟರ್ ಎಂದಷ್ಟೇ ಬರೆದರು. ಕಾಗದದ ಫಿಲ್ಟರ್‌ಗಳು ಸಿಕ್ಕಿಲ್ಲ ಎಂದು ಉತ್ತರ ಬಂತು. ಎರಡನೆಯ ಸಲ ನಾನೇ ಪಕ್ಕದಲ್ಲಿ ಕುಳಿತು ಬರೆಸಿದೆ: "ಒಂದರ ಮೇಲೊಂದು ಕೂರುವ ಎರಡು ಸ್ಟೀಲ್ ಲೋಟಗಳು, ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳು, ಹಿಡಿಕೆಯಿರುವ ರಂಧ್ರದ ಬಿಲ್ಲೆ, ಒಂದು ಮುಚ್ಚಳ, ಒಟ್ಟು ಎತ್ತರ ಹದಿನೆಂಟು ಸೆಂಟಿಮೀಟರ್, ಕೆಳಗಿನ ಲೋಟದ ಮೇಲೆ ಹೆಸರು ಕೊರೆದಿದೆ." ಹನ್ನೊಂದನೆಯ ದಿನ ಸಿಕ್ಕಿದೆ ಎಂಬ ಪತ್ರ ಬಂತು. ಅವರು ಅದನ್ನು ಎರಡೆರಡು ಸಲ ಓದಿಸಿ ಕೇಳಿದರು.

ಅಳತೆಯನ್ನು ಸೆಂಟಿಮೀಟರಿನಲ್ಲಿ ಕೊಡಿ. ಬಣ್ಣ ಹೇಳುವಾಗ ಗಿಣಿಹಸಿರು, ನೇರಳೆಗಪ್ಪು ಎಂದು ನಮ್ಮ ಸೀರೆ ಅಂಗಡಿಯ ಹೆಸರುಗಳನ್ನು ಅನುವಾದಿಸುವ ಕಷ್ಟ ಬೇಡ. ಹಸಿರು, ಕಪ್ಪು ಸಾಕು. ತಯಾರಕರ ಹೆಸರು ವಸ್ತುವಿನ ಮೇಲೆ ಅಚ್ಚಾಗಿದ್ದರೆ ಅಲ್ಲಿರುವಂತೆಯೇ ಬರೆಯಿರಿ. ಗಾಯದ ಗುರುತುಗಳು ಬಹಳ ಮುಖ್ಯ: ಬಲ ಮೂಲೆಯಲ್ಲಿ ಗೀರು, ಹರಿದ ಜಿಪ್ಪಿಗೆ ಕಟ್ಟಿದ ಕೆಂಪು ದಾರ, ಕನ್ನಡಕದ ಒಂದು ಕಡ್ಡಿಗೆ ಹಾಕಿಸಿದ ಬೇರೆ ಬಣ್ಣದ ತಿರುಪು. ಒಂದು ಗುರುತನ್ನು ಮಾತ್ರ ಬರೆಯದೆ ಉಳಿಸಿಕೊಳ್ಳಿ. ಖಚಿತಪಡಿಸಲು ಅವರು ಪ್ರಶ್ನೆ ಕೇಳಿದಾಗ ಅದನ್ನು ಹೇಳಬಹುದು. ಎಲ್ಲಿಟ್ಟಿದ್ದಿರಿ ಎಂಬುದೂ ಬೇಕು: "ಕ್ಯಾಬಿನ್‌ನಲ್ಲಿ" ಎನ್ನುವ ಬದಲು "ಸೋಫಾದ ಕೆಳಗಿನ ಡ್ರಾಯರ್‌ನಲ್ಲಿ, ಎಡಬದಿ". ನಾಲ್ಕು ವಸ್ತು ಬಿಟ್ಟಿದ್ದರೆ ನಾಲ್ಕು ಫಾರ್ಮ್ ತುಂಬಿ. ಅವು ನಾಲ್ಕು ಚೀಲಗಳಲ್ಲಿ ಬೇರೆ ಬೇರೆ ಕಡೆ ಇರಬಹುದು.

ಮೊಬೈಲ್ ಆದರೆ ಐಎಂಇಐ ಸಂಖ್ಯೆ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ ಕೊಡಿ. ಪೆಟ್ಟಿಗೆಯ ಮೇಲೆ ಅದು ಇರುತ್ತದೆ. ಪ್ರವಾಸಕ್ಕೆ ಮೊದಲೇ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಫೋನ್ ಇರುವ ಜಾಗ ತೋರಿಸುವ ನಕ್ಷೆಯಲ್ಲಿ ಕೊನೆಯ ಚುಕ್ಕೆ ಸಿಂಗಪುರದಲ್ಲಿ ಕಂಡಿತೆಂದು ಯಾರೋ ಅಲ್ಲಿ ಕದ್ದರೆಂದು ತೀರ್ಮಾನಿಸಬೇಡಿ. ಹಡಗು ದಡ ಬಿಟ್ಟ ಮೇಲೆ ಸಂಪರ್ಕ ತಪ್ಪಿದರೆ ಚುಕ್ಕೆ ಬಂದರಿನಲ್ಲೇ ನಿಂತಿರುತ್ತದೆ. ಫೋನನ್ನು ಕಳೆದುಹೋದ ಸ್ಥಿತಿಗೆ ಹಾಕಿ ಪರದೆಯ ಮೇಲೆ ಮನೆಯವರ ಸಂಖ್ಯೆ ಕಾಣುವಂತೆ ಮಾಡಿ.

ನಾಲ್ಕನೆಯ ಹೆಜ್ಜೆ: ಕಾಯಿರಿ

ಹಡಗು ಮುಂದಿನ ಪ್ರಯಾಣ ಮುಗಿಸಿ ಬರುವವರೆಗೆ ವಸ್ತು ದಡಕ್ಕೆ ಇಳಿಯದೆಯೂ ಇರಬಹುದು. ಹತ್ತು ದಿನ ಬಿಟ್ಟು, ಅದೇ ದೂರು ಸಂಖ್ಯೆ ಹಾಕಿ ಒಮ್ಮೆ ನೆನಪಿಸಿ. ದಿನಕ್ಕೊಂದು ಹೊಸ ದೂರು ಕೊಟ್ಟರೆ ಯಾವುದು ಯಾವುದರ ಮುಂದುವರಿಕೆ ಎಂದು ಅವರಿಗೂ ತಿಳಿಯುವುದಿಲ್ಲ.

ಐದನೆಯ ಹೆಜ್ಜೆ: ತರಿಸುವುದು

ಕೊರಿಯರ್ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಚಾರ್ಜರ್, ಚಪ್ಪಲಿ, ಟೀ ಶರ್ಟ್‌ಗಾಗಿ ಆ ಹಣ ಸುರಿಯಬೇಡಿ. ಕನ್ನಡಕ, ಶ್ರವಣ ಸಾಧನ, ಹಲ್ಲಿನ ಸೆಟ್, ಹಿರಿಯರು ಕೊಟ್ಟ ವಸ್ತುವಾದರೆ ಯೋಚಿಸದೆ ತರಿಸಿ.

ಪವರ್ ಬ್ಯಾಂಕಿನ ಆಸೆ ಬಿಡಿ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ, ಪವರ್ ಬ್ಯಾಂಕ್ ಕೂಡ ಆ ಲೆಕ್ಕಕ್ಕೇ ಸೇರುತ್ತದೆ. ನಗದು ಹಣವನ್ನು ಕೊರಿಯರ್‌ನವರು ಒಪ್ಪುವುದಿಲ್ಲ. ಚಿನ್ನಕ್ಕೂ ನಾನು ಕೊರಿಯರ್ ಹೇಳುವುದಿಲ್ಲ. ಅಲ್ಲಿ ನೆಂಟರಿದ್ದರೆ ಅಧಿಕಾರ ಪತ್ರ, ನಿಮ್ಮ ಪಾಸ್‌ಪೋರ್ಟ್ ಪ್ರತಿ, ದೂರು ಸಂಖ್ಯೆ ಕೊಟ್ಟು ಅವರಿಂದಲೇ ಪಡೆಯಿರಿ. ಒಡವೆ ತೊಟ್ಟು ಹೋಗಲೇಬೇಕೆಂದರೆ, ಹೊರಡುವಾಗ ದೇವನಹಳ್ಳಿಯ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ; ಅವು ಇಲ್ಲಿಂದಲೇ ಹೋದವು ಎಂಬುದಕ್ಕೆ ಅದೇ ದಾಖಲೆ. ನನ್ನನ್ನು ಕೇಳಿದರೆ ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಹೋಗಿ.

ಪೊಟ್ಟಣ ಭಾರತಕ್ಕೆ ಬಂದಾಗ ಕೊರಿಯರ್‌ನವರು ಆಧಾರ್ ಅಥವಾ ಪಾಸ್‌ಪೋರ್ಟ್‌ನಂಥ ಗುರುತಿನ ದಾಖಲೆ ಕೇಳುತ್ತಾರೆ. ಆ ಸಂದೇಶಕ್ಕೆ ಕೂಡಲೇ ಉತ್ತರಿಸಿ, ಇಲ್ಲವಾದರೆ ಪೊಟ್ಟಣ ಅಲ್ಲೇ ಕೊಳೆಯುತ್ತದೆ. ಕಳುಹಿಸುವವರಿಗೆ "ಬಳಸಿದ ಸ್ವಂತ ವಸ್ತು" ಎಂದು ನಿಜವಾದ ಬೆಲೆಯೊಂದಿಗೆ ಬರೆಯಲು ಹೇಳಿ. "ಉಡುಗೊರೆ ಎಂದು ಬರೆಸಿ, ಸುಂಕ ಉಳಿಯುತ್ತದೆ" ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. 2019ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಉಡುಗೊರೆ ತರಿಸುವ ದಾರಿ ಜೀವರಕ್ಷಕ ಔಷಧ ಮತ್ತು ರಾಖಿಗಳನ್ನು ಬಿಟ್ಟು ಮುಚ್ಚಿದೆ.

ಪಾಸ್‌ಪೋರ್ಟ್ ಆದರೆ ಕ್ರಮವೇ ಬೇರೆ

ವಿದೇಶದ ಬಂದರಿನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಕಾಣದಿದ್ದರೆ ಮೊದಲು ಹಡಗಿನವರಿಂದ ಖಚಿತ ಉತ್ತರ ಪಡೆಯಿರಿ. ಗಾಬರಿಯಲ್ಲಿ ಕಳೆದುಹೋಯಿತೆಂದು ಬರೆದುಕೊಟ್ಟರೆ ಅದು ರದ್ದಾಗುತ್ತದೆ. ಸಂಜೆ ಸೇಫಿನಲ್ಲಿ ಸಿಕ್ಕಿದರೂ ಪ್ರಯೋಜನವಿಲ್ಲ. ನಿಜವಾಗಿಯೂ ಇಲ್ಲವೆಂದಾದರೆ ಅಲ್ಲಿಯ ಪೊಲೀಸರಿಗೆ ದೂರು ಕೊಟ್ಟು, ಭಾರತದ ರಾಯಭಾರ ಕಚೇರಿಯಿಂದ ತುರ್ತು ಪ್ರಮಾಣಪತ್ರ ಪಡೆಯಬೇಕು. ಅದು ಊರಿಗೆ ಮರಳಲು ಮಾತ್ರ. ಹೊಸ ಪಾಸ್‌ಪೋರ್ಟಿಗೆ ಇಲ್ಲಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಬೇಕು. ಚಾಲ್ತಿಯಲ್ಲಿರುವ ವೀಸಾ ಅಂಟಿಸಿದ ಹಳೆಯ ಪಾಸ್‌ಪೋರ್ಟ್ ಮರೆತುಬರುವವರೂ ಇದ್ದಾರೆ. ಅದು ಗೊತ್ತಾಗುವುದು ಮನೆಗೆ ಬಂದ ಮೇಲೆಯೇ, ಆದ್ದರಿಂದ ಅದಕ್ಕೂ ಅದೇ ದಿನ ಫಾರ್ಮ್ ತುಂಬಿ.

ಮುಂದಿನ ಸಲಕ್ಕೆ, ಕೊನೆಯ ರಾತ್ರಿ

ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗಿಡಬೇಕಾಗುತ್ತದೆ. ಅದರ ನಂತರ ಬಳಸಿದ ರಾತ್ರಿಯುಡುಪು, ಔಷಧ, ಚಾರ್ಜರ್‌ಗಳೇ ಹೆಚ್ಚಾಗಿ ಉಳಿಯುವುದು. ಅವುಗಳಿಗೆಂದೇ ಒಂದು ಬಟ್ಟೆ ಚೀಲವನ್ನು ಬಾಗಿಲ ಹಿಡಿಗೆ ನೇತುಹಾಕಿ. ಸೇಫಿನೊಳಗೆ ಒಂದು ಕಾಲಿನ ಶೂ ಇಡಿ. ಅದಿಲ್ಲದೆ ಹೊರಗೆ ಕಾಲಿಡಲಾಗುವುದಿಲ್ಲ. ಶೂ ಹಿಡಿಸದಷ್ಟು ಸೇಫ್ ಚಿಕ್ಕದಾಗಿದ್ದರೆ ಬೆಲ್ಟು ಇಡಿ. ಅಂಗಡಿಗಳಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಹೆಸರುಪಟ್ಟಿಗಳನ್ನು ಕೊಳ್ಳಬೇಡಿ. ಬೆವರಿಗೆ ಶಾಯಿ ಅಳಿಯುತ್ತದೆ, ಕುಣಿಕೆ ಎರಡನೆಯ ಪ್ರಯಾಣಕ್ಕೇ ಕಿತ್ತುಬರುತ್ತದೆ. ಮಕ್ಕಳ ಶಾಲಾ ಸಮವಸ್ತ್ರದ ಮೇಲೆ ಹೆಸರು ಬರೆಯುವ ಒಗೆದರೂ ಹೋಗದ ಪೆನ್ನಿನಿಂದ, ವಸ್ತುವಿನ ಒಳಬದಿಯಲ್ಲಿ ಇಮೇಲ್ ವಿಳಾಸ ಬರೆದುಬಿಡಿ.

ಇನ್ನೊಂದು ಮಾತು. ಹಡಗು ಹತ್ತುವಾಗ ಇಸ್ತ್ರಿಪೆಟ್ಟಿಗೆ, ವಿದ್ಯುತ್ ಕೆಟಲ್, ಪುಟ್ಟ ಅನ್ನದ ಕುಕ್ಕರ್‌ಗಳನ್ನು ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಂಡು ಚೀಟಿ ಕೊಡುತ್ತಾರೆ. ಬೆಳಿಗ್ಗೆ ಬಿಸಿನೀರಿಗೆಂದು ಕೆಟಲ್ ಒಯ್ಯುವವರು ನಮ್ಮಲ್ಲಿ ಬಹಳ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಬಿಡಿಸಿಕೊಳ್ಳುವುದನ್ನೇ ಮರೆಯುತ್ತಾರೆ. ಆ ಚೀಟಿಯನ್ನು ಕ್ಯಾಬಿನ್ ಕಾರ್ಡಿನ ಹಿಂದೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಳ್ಳಿ. ಇಳಿಯುವಾಗ ಕಾರ್ಡ್ ತೋರಿಸದೆ ಬಿಡುವುದಿಲ್ಲ, ಚೀಟಿ ಅಲ್ಲೇ ಕಣ್ಣಿಗೆ ಬೀಳುತ್ತದೆ.